ಟಿನಮೂ ನೋಟ್ಸ್: ರೆಕ್ಕೆ ಇದ್ರೂ ಓಡೋ ಮಾರ್ಟಿನೆಟಾ

ದಕ್ಷಿಣ ಅಮೆರಿಕ ಕಡೆಯ ಟಿನಮೂ ಅನ್ನೋ ನೆಲದ ಹಕ್ಕಿಗಳ ಬಗ್ಗೆ ಓದೋಕೆ ಕೂತಾಗ ನಾನು ಎಡವಿದ್ದೇ ಫೋಟೋದಲ್ಲಿ. ಮಣ್ಣು ಬಣ್ಣ, ಗುಂಡು ಮೈ, ಮೋಟು ಬಾಲ, ಇದು ನಮ್ ಗೌಜಲಕ್ಕಿ ಕಡೆದೇ ಅಂತ ಮಾರ್ಜಿನ್‌ನಲ್ಲಿ ಬರ್ಕೊಂಡೆ, ಆಮೇಲೆ ತಪ್ಪು ಅಂತ ಗೊತ್ತಾಗಿ ಹೊಡೆದು ಹಾಕ್ದೆ. ಸಮಾಧಾನ ಏನಪ್ಪಾ ಅಂದ್ರೆ ದಕ್ಷಿಣ ಅಮೆರಿಕಕ್ಕೆ ಹೋದ ಸ್ಪ್ಯಾನಿಷ್‌ನವರೂ ಇದೇ ತಪ್ಪು ಮಾಡಿದ್ರು, ಟಿನಮೂಗಳನ್ನ ಅವರು ಕರೆದಿದ್ದು ಪೆರ್ದಿಸ್ ಅಂತ, ಅಂದ್ರೆ ಅವರೂರಿನ ಗೌಜಲಕ್ಕಿ.

ಉದಾಹರಣೆಗೆ ಯುಡ್ರೋಮಿಯಾ ಎಲೆಗನ್ಸ್ ಅನ್ನೋ ಟಿನಮೂ ಜಾತಿ ತಗೊಳ್ಳೋಣ, ಅರ್ಜೆಂಟೀನಾದವರು ಮಾರ್ಟಿನೆಟಾ ಅಂತಾರೆ. ಅಲ್ಲಿನ ಒಣ ಕುರುಚಲು, ದಕ್ಷಿಣದ ತುದಿಯ ಪ್ಯಾಟಗೋನಿಯಾ ಪ್ರದೇಶದ ಮುಳ್ಳುಪೊದೆ ಬಯಲು ಇದರ ಜಾಗ, ಚಿಲಿಯ ದಕ್ಷಿಣದಲ್ಲೂ ಇದೆ. ಉದ್ದ ಸುಮಾರು 40 ಸೆಂ.ಮೀ., ತಲೆ ಮೇಲೆ ತೆಳ್ಳನೆ ಬಾಗಿದ ಜುಟ್ಟು, ಕಣ್ಣಿಂದ ಕತ್ತಿನ ಕಡೆ ಇಳಿಯೋ ಬಿಳಿ ಗೆರೆಗಳು. ಕಾಲಿಗೆ ಮೂರೇ ಬೆರಳು, ಹಿಂದಿನ ಬೆರಳೇ ಇಲ್ಲ. ಯುಡ್ರೋಮಿಯಾ ಅನ್ನೋ ಗ್ರೀಕ್ ಮೂಲದ ಹೆಸರಲ್ಲೇ 'ಚೆನ್ನಾಗಿ ಓಡೋದು' ಅನ್ನೋ ಅರ್ಥ ಕೂತಿದೆ.

ಈಗ ನಂಗೆ ಇಷ್ಟ ಆಗಿದ್ದು. ಹಾರೋಕೆ ಬರುತ್ತಲ್ಲ, ಮತ್ಯಾಕೆ ಓಡುತ್ತೆ? ಉತ್ತರ ಹೃದಯದಲ್ಲಿದೆ, ಕವಿತೆ ಅಲ್ಲ, ನಿಜವಾಗ್ಲೂ. ಮೈ ತೂಕಕ್ಕೆ ಹೋಲಿಸಿದ್ರೆ ಹಕ್ಕಿಗಳಲ್ಲೇ ಅತಿ ಚಿಕ್ಕ ಹೃದಯ ಟಿನಮೂಗಳದ್ದು. ಎದೆ ಸ್ನಾಯು ದಪ್ಪಗಿದೆ, ಆದ್ರೆ ಅದಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡೋ ಮೋಟರ್ ಸಣ್ಣದು, ಹಾಗಾಗಿ ಬರ್‍ರ್ ಅಂತ ಮೇಲೆದ್ದು ಸ್ವಲ್ಪ ದೂರ ಹೋಗಿ ಇಳಿಯುತ್ತೆ, ಬೆನ್ನುಬೆನ್ನಿಗೆ ಎಬ್ಬಿಸ್ತಾ ಇದ್ರೆ ಸುಸ್ತಾಗಿಬಿಡುತ್ತೆ. ಅದಕ್ಕೇ ಮೊದಲು ಅಲ್ಲಾಡದೆ ನಿಲ್ಲೋದು, ಆಮೇಲೆ ಪೊದೆ ಸಂದಿಲಿ ಓಟ, ಹಾರೋದು ಕೊನೇ ಉಪಾಯ. ನಾಚಿಕೆ ಸ್ವಭಾವ ಅಂತ ಬರೀಬೇಡಿ, ಇದು ಖರ್ಚಿನ ಲೆಕ್ಕಾಚಾರ.

ಸಂಬಂಧಿಕರು ಯಾರು ಅಂದ್ರೆ ಉಷ್ಟ್ರಪಕ್ಷಿ, ಎಮು, ದಕ್ಷಿಣ ಅಮೆರಿಕದ ಹಾರದ ದೊಡ್ಡ ಹಕ್ಕಿ ರಿಯಾ! ಅಂಗುಳಿನ ಮೂಳೆ ರಚನೆ ಈ ಗುಂಪಿಗೆಲ್ಲ ಒಂದೇ ಥರ. ಆದ್ರೆ ಕೋಳಿ ತಿನ್ನೋವಾಗ ಎದೆ ಮಧ್ಯ ಏಣು ಥರ ಮೂಳೆ ಸಿಗುತ್ತಲ್ಲ, ಹಾರೋ ಸ್ನಾಯು ಅಂಟ್ಕೊಳ್ಳೋ ಜಾಗ, ಅದು ಉಷ್ಟ್ರಪಕ್ಷಿಗೆ ಇಲ್ಲ, ಟಿನಮೂಗೆ ಇದೆ. ಹಳೇ ವಿವರಣೆ ಪ್ರಕಾರ ಹಾರದ ದೊಡ್ಡ ಹಕ್ಕಿಗಳೆಲ್ಲ ಒಂದು ಕವಲು, ಟಿನಮೂ ಪಕ್ಕದ ಮನೆ. 2008ರ ಡಿಎನ್‌ಎ ಅಧ್ಯಯನ ಟಿನಮೂನ ಆ ಕವಲಿನ ಒಳಗೇ ಕೂರಿಸ್ತು, ಆಮೇಲಿನ ಕೆಲಸಗಳು ನ್ಯೂಜಿಲೆಂಡ್‌ನಲ್ಲಿ ನಾಶವಾದ, ಹಾರದ ಹಕ್ಕಿ ಮೋವಾ ಇದಕ್ಕೆ ತೀರಾ ಹತ್ತಿರ ಅಂದ್ವು. ಹಾರೋ ಟಿನಮೂನೇ ಹಾರದವುಗಳ ನಡುವೆ ಕೂತಿದೆ ಅಂದ್ರೆ ಹಾರೋದನ್ನ ಒಂದೇ ಪೂರ್ವಜ ಒಂದೇ ಸಲ ಬಿಟ್ಟಿದ್ದಲ್ಲ, ಬೇರೆ ಬೇರೆ ಕವಲು ಬೇರೆ ಬೇರೆಯಾಗಿ ಬಿಟ್ಟಿವೆ. ಪರೀಕ್ಷೆಗೆ ಕೇಳೋದಾದ್ರೆ ಇಲ್ಲೇ ಕೇಳ್ತಾರೆ ಅಂತ ನನ್ನ ಅಂದಾಜು.

ಇನ್ನು ಮಾರ್ಟಿನೆಟಾ ಮೊಟ್ಟೆ. ಹಸಿರು, ಮೈ ಎಷ್ಟು ನುಣುಪು ಅಂದ್ರೆ ಪಾಲಿಷ್ ಹಾಕಿದ ಪಿಂಗಾಣಿ ಥರ ಬೆಳಕು ಹೊಳೆಯುತ್ತೆ. ಇಷ್ಟು ಬಚ್ಚಿಟ್ಕೊಳ್ಳೋ ಹಕ್ಕಿಗೆ ಇಂಥ ಮೊಟ್ಟೆನಾ ಅನ್ಸುತ್ತೆ. ಹೆಣ್ಣು ನೆಲದ ಗೂಡಲ್ಲಿ ಇಟ್ಟು ಇನ್ನೊಂದು ಗಂಡಿನ ಕಡೆ ಹೋಗುತ್ತೆ, ಸುಮಾರು 20 ದಿನ ಆ ಹೊಳಪಿನ ಮೇಲೆ ಕೂತು ಕಾವು ಕೊಡೋದು ಮಣ್ಣು ಬಣ್ಣದ ಅಪ್ಪ.