ಮೀಟರ್ ಬೋರ್ಡಿನ ಆಚೆ ಮತ್ತು ಈಚೆ: ವಿದ್ಯುತ್ ಕೆಲಸಗಾರರಿಗೆ ಮುಂದಿನ ಕೆಲಸ ಎಲ್ಲಿದೆ?

ಆಯುಧಪೂಜೆ ಕಳೆದ ಮೇಲೆ ಬರುವ ಭಾನುವಾರ ನಮ್ಮ ತಾಲ್ಲೂಕಿನ ವಿದ್ಯುತ್ ಕೆಲಸಗಾರರ ಸಂಘದ ಸಭೆ ಸೇರುತ್ತದೆ. ಟೆಸ್ಟರ್, ಕಟಿಂಗ್ ಪ್ಲಯರ್, ಡ್ರಿಲ್ಲಿಂಗ್ ಮೆಷಿನ್‌ಗಳಿಗೆ ಹಚ್ಚಿದ ಕುಂಕುಮ ಇನ್ನೂ ಮಾಸದ ಆ ದಿನಗಳಲ್ಲಿ ಚಂದಾ, ಲೆಕ್ಕಪತ್ರ, ಸತ್ತವರ ಮನೆಗೆ ಕೊಟ್ಟ ನೆರವು ಇವೆಲ್ಲದರ ಮಾತು ಮುಗಿದ ಬಳಿಕ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಎದ್ದೇ ಏಳುತ್ತದೆ: "ಸಾರ್, ಮುಂದಿನ ವರ್ಷ ಕೆಲಸ ಹೆಂಗಿದೆ?" ಸೂಪರ್‌ವೈಸರ್ ಪರವಾನಗಿ ಇಟ್ಟುಕೊಂಡು ಇಪ್ಪತ್ತಾರು ವರ್ಷ ವೈರಿಂಗ್ ಗುತ್ತಿಗೆ ಮಾಡಿದವನೆಂಬ ಕಾರಣಕ್ಕೆ ಉತ್ತರ ಹೇಳುವ ಹೊಣೆ ನನ್ನ ಪಾಲಿಗೆ ಬರುತ್ತದೆ. ಊರಿನಲ್ಲಿ ಎಷ್ಟು ಮನೆಗಳ ಪಾಯ ಎದ್ದಿದೆ ಎಂದು ನೋಡಿದರೆ ಉತ್ತರ ಸಿಗುತ್ತಿದ್ದ ಕಾಲ ಒಂದಿತ್ತು. ಈಗ ಆ ಲೆಕ್ಕ ಹಿಡಿದರೆ ಮೋಸ ಹೋಗುತ್ತೇವೆ ಎಂಬುದನ್ನು ಕಳೆದ ವರ್ಷ ನಮ್ಮವರೆಲ್ಲ ಅನುಭವದಿಂದಲೇ ಕಲಿತರು.

ಮನೆ ವೈರಿಂಗಿನ ಹಣ ಯಾವ ಕ್ರಮದಲ್ಲಿ ಕೈಗೆ ಬರುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಪಾಯಿಂಟ್ ಲೆಕ್ಕವಿರಲಿ, ಚದರ ಅಡಿ ಲೆಕ್ಕವಿರಲಿ, ಮೋಲ್ಡಿಗೆ ಪೈಪ್ ಹಾಕಿದಾಗ ಒಂದು ಕಂತು, ಗೋಡೆ ಕೊರೆದು ಪೈಪ್ ಮತ್ತು ಬಾಕ್ಸ್ ಕೂರಿಸಿದಾಗ ಒಂದು, ವೈರ್ ಎಳೆದಾಗ ಒಂದು ಎಂದು ಹಣ ಬಿಡಿಬಿಡಿಯಾಗಿ ಬರುತ್ತದೆ. ಸ್ವಿಚ್, ಫ್ಯಾನು, ದೀಪಗಳ ಫಿಟ್ಟಿಂಗ್ ಮುಗಿದು ಮೀಟರ್ ಕೂತ ಮೇಲೆಯೇ ಕೊನೆಯ ಕಂತು. ಕೆಲಸಗಾರನಿಗೆ ಉಳಿಯುವ ಲಾಭವೆಲ್ಲ ಸಾಮಾನ್ಯವಾಗಿ ಆ ಕೊನೆಯ ಕಂತಿನಲ್ಲಿಯೇ ಇರುತ್ತದೆ, ಏಕೆಂದರೆ ಮೊದಲ ಮೂರು ಕಂತುಗಳು ಹುಡುಗರ ದಿನಗೂಲಿಗೂ ಊಟಕ್ಕೂ ಸರಿಹೋಗಿರುತ್ತವೆ. ಆದ್ದರಿಂದ ಮೀಟರ್ ತಡವಾದರೆ ಮನೆಯ ಯಜಮಾನನಿಗಿಂತ ಮೊದಲು ಬಿಸಿ ತಟ್ಟುವುದು ವೈರ್‌ಮನ್‌ಗೆ.

ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಅನಧಿಕೃತ ಕಟ್ಟಡವೊಂದರ ಪ್ರಕರಣದಲ್ಲಿ ತೀರ್ಪು ನೀಡುತ್ತಾ, ಸ್ವಾಧೀನಾನುಭವ ಪತ್ರ, ಅಂದರೆ ಓಸಿ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ದೇಶಕ್ಕೆಲ್ಲ ಅನ್ವಯವಾಗುವಂತೆ ಸೂಚಿಸಿತು. 2025ರಲ್ಲಿ ಇದು ನಮ್ಮ ವಿದ್ಯುತ್ ಸರಬರಾಜು ಕಂಪನಿಗಳ ಕೌಂಟರಿನಲ್ಲಿ ಜಾರಿಗೆ ಬಂದಾಗ, ಕಟ್ಟಿ ಮುಗಿದು ಬಣ್ಣ ಬಳಿದ ಮನೆಗಳು ಮೀಟರ್ ಇಲ್ಲದೆ ನಿಂತವು; ಗೃಹಪ್ರವೇಶ ಮುಗಿಸಿದವರು ತಾತ್ಕಾಲಿಕ ಸಂಪರ್ಕದ ದುಬಾರಿ ದರ ತೆರುತ್ತಾ ಕಾದರು. ತೀರ್ಪಿನ ಉದ್ದೇಶವನ್ನು ನಾನು ತಪ್ಪೆನ್ನುವುದಿಲ್ಲ. ನಕ್ಷೆಯಲ್ಲಿ ಎರಡು ಮಹಡಿ ತೋರಿಸಿ ನೆಲದಲ್ಲಿ ನಾಲ್ಕು ಕಟ್ಟಿದವರ ಮನೆಗೆ ವೈರ್ ಎಳೆದಿರುವ ನಮಗೆ ಅದರ ಅಗತ್ಯ ಬೇರೆಯವರಿಗಿಂತ ಚೆನ್ನಾಗಿಯೇ ಗೊತ್ತು. ಆದರೆ ನಕ್ಷೆ ಮೀರಿದವನು ಯಜಮಾನ, ಕಣ್ಣುಮುಚ್ಚಿಕೊಂಡಿದ್ದು ಇನ್ನೊಂದು ಕಚೇರಿ, ಕೊನೆಯ ಕಂತು ನಿಂತದ್ದು ಮಾತ್ರ ಎರಡಕ್ಕೂ ಸಂಬಂಧವಿಲ್ಲದ ಕೆಲಸಗಾರನದ್ದು. ಆ ವರ್ಷದ ಕೊನೆಯ ಭಾಗದಲ್ಲಿ ಸರ್ಕಾರ 1200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ವಾಸದ ಮನೆಗಳಿಗೆ ಓಸಿಯಿಂದ ವಿನಾಯಿತಿ ನೀಡಿದ್ದರಿಂದ ಒಂದಿಷ್ಟು ಉಸಿರಾಡುವಂತಾಯಿತು. ಮೂವತ್ತು-ನಲವತ್ತರ ಸೈಟಿನ ಮನೆಗಳನ್ನೇ ನಂಬಿರುವ ಸದಸ್ಯರಿಗೆ ನಿಂತ ಕಂತುಗಳು ಮರಳಿ ಬರಬಹುದೆಂದು ನಾನು ಹೇಳಿದ್ದು ಇದೇ ಲೆಕ್ಕದಲ್ಲಿ. ದೊಡ್ಡ ಕಟ್ಟಡಗಳ ಕೆಲಸ ಹಿಡಿಯುವವರಿಗೆ ನನ್ನ ಮಾತು ಬೇರೆ: ಕರಾರು ಬರೆಯುವ ಮೊದಲು ಮಂಜೂರಾದ ನಕ್ಷೆಯನ್ನು ಕೇಳಿ ನೋಡಿ, ಕೊನೆಯ ಕಂತನ್ನು ಮೀಟರಿಗೆ ಕಟ್ಟಿಹಾಕದೆ ಫಿಟ್ಟಿಂಗ್ ಮುಗಿದ ದಿನಕ್ಕೆ ಕಟ್ಟಿಕೊಳ್ಳಿ.

ಹೊಸ ಮನೆಯ ವೈರಿಂಗ್ ಹೀಗೆ ಏರಿಳಿಯುತ್ತಿರುವಾಗ ಕೆಲಸ ಮಾಯವಾಗಿಲ್ಲ, ಜಾಗ ಬದಲಿಸಿದೆ. ಅದೀಗ ಗೋಡೆಯೊಳಗಿನ ಪೈಪಿಗಿಂತ ಹೆಚ್ಚಾಗಿ ಮೀಟರ್ ಬೋರ್ಡಿನ ಸುತ್ತಮುತ್ತ ನಡೆಯುತ್ತಿದೆ. ತಾರಸಿಯ ಸೌರಫಲಕ, ಮನೆಯಂಗಳದಲ್ಲಿ ನಿಂತ ವಿದ್ಯುತ್ ವಾಹನ, ಸ್ಮಾರ್ಟ್ ಮೀಟರ್ ಈ ಮೂರೂ ಬಂದು ಸೇರುವುದು ಆ ಒಂದೂವರೆ ಅಡಿ ಜಾಗದಲ್ಲಿ.

ಮೊದಲು ಸೌರಫಲಕದ ಮಾತು. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಆರಂಭವಾದಾಗ ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿತ್ತು. ಸಹಾಯಧನ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2ಕ್ಕೆ 60,000, 3 ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ. ಈ ಅಂಕಿಗಳನ್ನು ನೋಡಿ ಸದಸ್ಯರು ಹುರುಪಾಗುವುದು ಸಹಜ. ಆದರೆ 2023ರ ಜುಲೈನಿಂದ ರಾಜ್ಯದಲ್ಲಿ ಗೃಹಜ್ಯೋತಿ ಇದ್ದು, ತಿಂಗಳಿಗೆ 200 ಯೂನಿಟ್‌ವರೆಗಿನ ಅರ್ಹ ಬಳಕೆಗೆ ಬಿಲ್ ಸೊನ್ನೆ ಬರುವ ಮನೆಯವರಿಗೆ ತಾರಸಿಯ ಮೇಲೆ ಹಣ ಹಾಕಿ ಎಂದು ಯಾವ ಮಾತಿನಿಂದ ಒಪ್ಪಿಸುವುದು? ಆದಕಾರಣ ನಮ್ಮಲ್ಲಿ ಸೌರಫಲಕದ ಗಿರಾಕಿ ಬಡವನೂ ಅಲ್ಲ, ಕೆಳ ಮಧ್ಯಮ ವರ್ಗದವನೂ ಅಲ್ಲ. ಎರಡು ಏಸಿ ಇರುವ ಮನೆ, ಕಲ್ಯಾಣಮಂಟಪ, ಖಾಸಗಿ ಶಾಲೆ, ಅಕ್ಕಿ ಗಿರಣಿ. ಇವುಗಳಲ್ಲಿ ಮನೆಯನ್ನು ಬಿಟ್ಟರೆ ಉಳಿದವಕ್ಕೆ ಆ ಸಹಾಯಧನವೂ ಇಲ್ಲ. ಕೆಲಸ ಇದೆ, ಆದರೆ ಪ್ರತಿ ಬೀದಿಯಲ್ಲೂ ಇಲ್ಲ ಎಂಬ ಎಚ್ಚರದಿಂದಲೇ ಹೊಸ ಉಪಕರಣ ಕೊಳ್ಳುವುದು ಒಳ್ಳೆಯದು.

ಈ ಕೆಲಸದ ಸ್ವಭಾವವೂ ಬೇರೆ. 540 ವ್ಯಾಟಿನ ಆರು ಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ ತೆರೆದ ತುದಿಗಳಲ್ಲಿ ಸುಮಾರು 300 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತು ನಿಲ್ಲುತ್ತದೆ, ಬಿಸಿಲಿರುವ ತನಕ ಅದನ್ನು ಆರಿಸುವ ಸ್ವಿಚ್ ಎಂಬುದು ಮೂಲದಲ್ಲಿಯೇ ಇಲ್ಲ. ನಮಗೆ ಪರಿಚಿತವಾದ ಎಸಿ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಯನ್ನು ಮುಟ್ಟಿ ಹೋಗುವುದರಿಂದ ಸ್ವಿಚ್ ತೆಗೆದಾಗ ಏಳುವ ಕಿಡಿ ತಾನಾಗಿಯೇ ಕತ್ತರಿಸಿಹೋಗುತ್ತದೆ. ಡಿಸಿಯ ಕಿಡಿ ಹಾಗಲ್ಲ, ಹಿಡಿದರೆ ಹಿಡಿದುಕೊಂಡೇ ಇರುತ್ತದೆ. ವಿದ್ಯುತ್ತು ಮಿತಿಮೀರಿದರೆ ತಾನಾಗಿ ಬೀಳುವ, ಮನೆಗೆ ಬಳಸುವ ಸಾಮಾನ್ಯ ಎಂಸಿಬಿ ಸ್ವಿಚ್ಚನ್ನು ಡಿಸಿ ಬದಿಗೆ ಹಾಕಿ, ಅದು ಕರಗಿ ಪೆಟ್ಟಿಗೆಯೇ ಸುಟ್ಟದ್ದನ್ನು ನಾನು ಎರಡು ಕಡೆ ನೋಡಿದ್ದೇನೆ. ಡಿಸಿಗೆ, ಎಸಿಗೆ, ಸಿಡಿಲು ನಿರೋಧಕಕ್ಕೆ ಎಂದು ಮೂರು ಪ್ರತ್ಯೇಕ ಅರ್ಥಿಂಗ್ ಗುಂಡಿ ತೋಡಬೇಕಾದಲ್ಲಿ ಒಂದನ್ನೇ ತೋಡಿ ಮೂರು ತಂತಿ ಇಳಿಬಿಡುವುದು ನಮ್ಮ ಕಡೆ ಸರ್ವೇಸಾಮಾನ್ಯ. ಇನ್ನೊಂದನ್ನು ಬಹಳ ಜನ ಗಮನಿಸುವುದೇ ಇಲ್ಲ: 11 ಕೆವಿ ಮಾರ್ಗ ಕಟ್ಟಡದ ಮೇಲೆ ಹಾದುಹೋಗುವಲ್ಲಿ ಕನಿಷ್ಠ 3.7 ಮೀಟರ್ ಎತ್ತರದ ಅಂತರ, ಪಕ್ಕದಲ್ಲಿ ಹೋಗುವಲ್ಲಿ 1.2 ಮೀಟರ್ ಅಂತರ ಇರಬೇಕೆಂಬುದು ನಿಯಮ. ಬಟ್ಟೆ ಒಣಹಾಕಲು ಜಾಗ ಉಳಿಯಲಿ ಎಂದು ಫಲಕದ ಚೌಕಟ್ಟನ್ನು ಎಂಟು ಅಡಿ ಎತ್ತರಿಸಿದಾಗ, ಮನೆ ಕಟ್ಟುವಾಗ ಇದ್ದ ಅಂತರದಲ್ಲಿ ಅಷ್ಟೂ ಕಳೆದುಹೋಗಿರುತ್ತದೆ. ಕಬ್ಬಿಣದ ಪೈಪನ್ನು ಎತ್ತಿ ನಿಲ್ಲಿಸುವ ಹುಡುಗನ ತಲೆಯ ಮೇಲೆ ಅದು ನೇತಾಡುತ್ತಿರುತ್ತದೆ.

ವಾಹನದ ಚಾರ್ಜರ್ ಕೆಲಸ ಅಷ್ಟು ತೊಡಕಿನದಲ್ಲ. ಸ್ಕೂಟರಿಗೆ ಹದವಾದ ಅರ್ಥಿಂಗ್ ಇರುವ ಪ್ಲಗ್ ಸಾಕು. ಕಾರಿಗೆ 7 ಕಿಲೋವ್ಯಾಟ್ ಆಸುಪಾಸಿನ ಚಾರ್ಜರ್ ಹಾಕಬೇಕಾದರೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ವೈರ್, 32 ಆಂಪಿಯರಿನ ರಕ್ಷಣೆ, ಸೋರಿಕೆ ಹಿಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು. 2 ಅಥವಾ 3 ಕಿಲೋವ್ಯಾಟ್ ಮಂಜೂರಾತಿಯ ಹಳೆಯ ಮನೆಯಾದರೆ ಮೊದಲು ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕು. ಈ ಅರ್ಜಿಯ ಓಡಾಟವೇ ಒಂದು ಕೆಲಸ, ಮತ್ತು ಅದಕ್ಕೆ ಪರವಾನಗಿ ಇರುವವನ ಸಹಿ ಬೇಕು.

ಇಲ್ಲಿಗೆ ಬಂದಾಗ ಸಭೆಯಲ್ಲಿ ಕೆಲವರು ತಲೆ ತಗ್ಗಿಸುತ್ತಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿಯೂ, ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳಲ್ಲಿಯೂ ಸ್ಪಷ್ಟವಾಗಿವೆ: ಬಲ್ಬ್ ಬದಲಿಸುವಂಥ ಸಣ್ಣಪುಟ್ಟದ್ದನ್ನು ಬಿಟ್ಟರೆ, ವಿದ್ಯುತ್ ಅಳವಡಿಕೆಯ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರನೇ ಮಾಡಿಸಬೇಕು, ಅರ್ಹತಾ ಪತ್ರವಿರುವ ಸೂಪರ್‌ವೈಸರ್ ಮೇಲ್ವಿಚಾರಣೆ ನಡೆಸಬೇಕು, ಕೈಯಿಟ್ಟು ಮಾಡುವವನಿಗೆ ವೈರ್‌ಮನ್ ಪರ್ಮಿಟ್ ಇರಬೇಕು. ವಿದ್ಯುತ್ ಪರಿವೀಕ್ಷಣಾಲಯದಿಂದ ಪಡೆಯಬೇಕಾದ ಈ ಪರ್ಮಿಟ್ ಇಲ್ಲದೆಯೂ ಹದಿನೈದು ವರ್ಷ ಒಳ್ಳೆಯ ಕೆಲಸ ಮಾಡಿದವರು ನಮ್ಮಲ್ಲಿದ್ದಾರೆ, ಅವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹಳೆಯ ಪದ್ಧತಿಯಲ್ಲಿ ಅವರ ಕೆಲಸಕ್ಕೆ ಬೇರೊಬ್ಬ ಗುತ್ತಿಗೆದಾರ ಸಹಿ ಹಾಕಿ ತನ್ನ ಪಾಲು ಇಟ್ಟುಕೊಳ್ಳುತ್ತಿದ್ದ. ಈಗ ಸೌರಫಲಕದಲ್ಲಿ ನೋಂದಾಯಿತ ಮಾರಾಟಗಾರ ಸಹಾಯಧನ ಸಹಿತ ಇಡೀ ಲೆಕ್ಕವನ್ನು ಹಿಡಿದಿಟ್ಟುಕೊಂಡು ಇವರನ್ನು ದಿನಗೂಲಿಗೆ ಕರೆಯುತ್ತಾನೆ. ಪರ್ಮಿಟ್ ಮಾಡಿಸಿಕೊಳ್ಳದ ಕೆಲಸಗಾರ ಹೊಸ ಕೆಲಸದಲ್ಲಿಯೂ ಹಳೆಯ ಕೂಲಿಗೇ ನಿಲ್ಲುತ್ತಾನೆ. ಸಂಘದ ಚಂದಾ ಹಣದಲ್ಲಿ ವಾರ್ಷಿಕ ಪ್ರವಾಸ ಮಾಡುವ ಬದಲು ಹತ್ತು ಜನರ ಪರ್ಮಿಟ್ ಅರ್ಜಿಗೆ ಖರ್ಚು ಮಾಡೋಣ ಎಂದು ನಾನು ಹೇಳಿದಾಗ ಚಪ್ಪಾಳೆ ಬರಲಿಲ್ಲ, ಧರ್ಮಸ್ಥಳಕ್ಕೆ ಬಸ್ಸು ಆಗಲೇ ಗೊತ್ತಾಗಿತ್ತು.

ಮೀಟರ್ ಬೋರ್ಡಿನ ಆಚೆ ಬದಿ, ಅಂದರೆ ಕಂಬದ ಬದಿಯ ಕೆಲಸಗಾರರ ಸ್ಥಿತಿಯನ್ನೂ ಇದರೊಂದಿಗೇ ನೋಡಬೇಕು. 1999ರಲ್ಲಿ ವಿದ್ಯುತ್ ಮಂಡಳಿ ಕೆಪಿಟಿಸಿಎಲ್ ಆಯಿತು, 2002ರ ಜೂನ್‌ನಲ್ಲಿ ವಿತರಣೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಾಗಿ ಬೇರ್ಪಟ್ಟಿತು, ಆಮೇಲೆ ಮೈಸೂರಿನ ಕಂಪನಿ ಬಂತು. ಇಷ್ಟೆಲ್ಲ ಒಡೆದರೂ ಕಾಯಂ ನೌಕರರ ಸಂಘ ಒಗ್ಗಟ್ಟಾಗಿ ಉಳಿದದ್ದರಿಂದ ಅವರ ವೇತನದ ಮಾತುಕತೆಗೆ ತೂಕವಿದೆ. ಅದೇ ಸೆಕ್ಷನ್ ಆಫೀಸಿನಲ್ಲಿ ಕೆಲಸ ಮಾಡುವ ಹೊರಗುತ್ತಿಗೆಯ ಹುಡುಗರಿಗೆ ಆ ತೂಕವಿಲ್ಲ. 2024ರ ಅಕ್ಟೋಬರಿನಲ್ಲಿ ಕಿರಿಯ ಪವರ್‌ಮ್ಯಾನ್ ಮತ್ತು ಕಿರಿಯ ಸ್ಟೇಷನ್ ಪರಿಚಾರಕರ 2975 ಹುದ್ದೆಗಳಿಗೆ ಅರ್ಜಿ ಕರೆದಾಗ ಎಸ್ಸೆಸ್ಸೆಲ್ಸಿ ಸಾಕಾಗಿತ್ತು, ಆದರೆ 8 ಮೀಟರ್ ಕಂಬ ಹತ್ತುವ ಪರೀಕ್ಷೆ ಕಡ್ಡಾಯವಾಗಿತ್ತು. ನಮ್ಮ ಸಂಘದ ಎಳೆಯರಲ್ಲಿ ಕೆಲವರು ಅರ್ಜಿ ಹಾಕಿದರು. ಕಂಬ ಹತ್ತಿ ಹತ್ತಿ ಮೊಣಕಾಲು ತರಚಿಕೊಂಡಿದ್ದ ನಡುವಯಸ್ಸಿನ ಹೊರಗುತ್ತಿಗೆಯವರಿಗೆ ವಯೋಮಿತಿಯೇ ಅಡ್ಡ ಬಂತು.

ಕಂಬದ ಬದಿಯಲ್ಲಿ ನಿಜವಾಗಿ ಕೆಲಸ ಕಡಿಮೆಯಾಗುವುದು ಮೀಟರ್ ಓದುವವರಿಗೆ. ಬೆಸ್ಕಾಂ 2025ರ ಫೆಬ್ರವರಿ 15ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಅದರ ಬೆಲೆಯ ಬಗ್ಗೆ ನಡೆದ ಜಗಳವನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ಬಳಕೆಯ ಲೆಕ್ಕ ತಾನಾಗಿಯೇ ಕಚೇರಿ ಸೇರುವ ಮೀಟರ್ ಎಲ್ಲ ಮನೆಗೂ ಬಂದ ದಿನ, ಹಳ್ಳಿಗಳಲ್ಲಿ ಮನೆಮನೆ ತಿರುಗಿ ಓದು ಬರೆದು ಬಿಲ್ ಕೊಡುವ ಗ್ರಾಮ ವಿದ್ಯುತ್ ಪ್ರತಿನಿಧಿಗಳ ಗತಿಯೇನು ಎಂಬ ಪ್ರಶ್ನೆಯನ್ನು ಯಾರೂ ಅಷ್ಟು ಗಟ್ಟಿಯಾಗಿ ಕೇಳಿದ್ದು ನನಗೆ ಕೇಳಿಸಿಲ್ಲ. ಹಳೆಯ ಮೀಟರ್ ಇನ್ನೂ ಬಹುಪಾಲು ಮನೆಗಳಲ್ಲಿರುವುದರಿಂದ ಒಂದಷ್ಟು ಕಾಲಾವಕಾಶವಿದೆ. ಆ ಅವಧಿಯಲ್ಲಿಯೇ ಅವರನ್ನು ಮೀಟರ್ ಅಳವಡಿಕೆಗೂ ಪರೀಕ್ಷೆಗೂ ತರಬೇತಿಗೊಳಿಸಬೇಕು ಎಂಬುದು ನನ್ನ ಅಭಿಪ್ರಾಯ. ಊರಿನ ಪ್ರತಿ ಮೀಟರ್ ಎಲ್ಲಿದೆ, ಯಾವ ಮನೆಯ ಸರ್ವಿಸ್ ವೈರ್ ಹಳತಾಗಿದೆ ಎಂಬುದನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ದೊಡ್ಡ ಯೋಜನೆಗಳ ಮೇಲೆ ಆಸೆಯಿಟ್ಟವರಿಗೆ ನಾನು ಪಾವಗಡವನ್ನು ನೆನಪಿಸುತ್ತೇನೆ. ಸುಮಾರು 13,000 ಎಕರೆ ಗುತ್ತಿಗೆ ಭೂಮಿಯಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಾಗ ಕೇಬಲ್ ಎಳೆಯಲು, ಚೌಕಟ್ಟು ಕಟ್ಟಲು ಜನ ಸಾಲದೆ ಹೋಗಿತ್ತು. ಕಟ್ಟಿ ಮುಗಿದ ಮೇಲೆ ಉಳಿದದ್ದು ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಮತ್ತು ಒಂದಷ್ಟು ತಂತ್ರಜ್ಞರ ಕೆಲಸ.

ಇನ್ನು ಕಂಬದವನನ್ನೂ ಮನೆಯವನನ್ನೂ ಒಂದೇ ಸಭೆಯಲ್ಲಿ ಕೂರಿಸಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಾದ ಒಂದು ಘಟನೆ. ಮಳೆಗಾಲದ ಒಂದು ಸಂಜೆ ಎಲ್‌ಸಿ, ಅಂದರೆ ಲೈನ್ ನಿಲ್ಲಿಸಿ ಕೆಲಸ ಮಾಡುವ ಅನುಮತಿ ತೆಗೆದುಕೊಂಡು, ಟಿಸಿಯ (ಟ್ರಾನ್ಸ್‌ಫಾರ್ಮರಿನ) ಬಳಿಯ ಜಿಓಎಸ್ ಎಂಬ ಲೈನ್ ಬೇರ್ಪಡಿಸುವ ಸ್ವಿಚ್ ಬಿಚ್ಚಿ, ಲೈನ್ ಸತ್ತಿದೆ ಎಂಬ ನಂಬಿಕೆಯಲ್ಲಿ ಕಂಬ ಹತ್ತಿದ ಒಬ್ಬ ಮಾರ್ಗದಾಳು ಜಂಪರ್ (ಲೈನುಗಳನ್ನು ಜೋಡಿಸುವ ತುಂಡು ತಂತಿ) ಮುಟ್ಟುತ್ತಲೇ ಹಿಂದಕ್ಕೆ ಸಿಡಿದ; ಬೆಲ್ಟ್ ಕಟ್ಟಿಕೊಂಡಿದ್ದರಿಂದ ಬದುಕಿದ, ಬಲಗೈಯ ಎರಡು ಬೆರಳು ಹೋದವು. ಆಚೆ ಬೀದಿಯ ಅಂಗಡಿಯೊಂದರಲ್ಲಿ ಕರೆಂಟ್ ಹೋದ ಕೂಡಲೇ ಜನರೇಟರ್ ಹಾಕಿದ್ದರು, ಕಂಬದ ಸಂಪರ್ಕ ಬಿಡಿಸಿ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ನೇರ ಪ್ಲಗ್ಗಿಗೆ ಕೊಟ್ಟಿದ್ದರು. ಅಲ್ಲಿಂದ ವಿದ್ಯುತ್ತು ಮೀಟರನ್ನು ಹಿಂದುಮುಂದಾಗಿ ದಾಟಿ ಕಂಬಕ್ಕೆ ಬಂದಿತ್ತು. ಆ ಪ್ಲಗ್ ಜೋಡಿಸಿಕೊಟ್ಟವನು ನಮ್ಮ ಸಂಘದವನೇ. ಹಾಗೆ ಹಿಂದಿರುಗುವ ವಿದ್ಯುತ್ತು ಟಿಸಿಯೊಳಗೆ ಎದುರು ದಿಕ್ಕಿನಲ್ಲಿ ಹೊಕ್ಕರೆ ಮನೆಯ 230 ವೋಲ್ಟ್ ಮೇಲ್ಗಡೆ ಸಾವಿರಗಟ್ಟಲೆ ವೋಲ್ಟ್ ಆಗುತ್ತದೆಂಬುದು ಅವನಿಗೆ ಆ ದಿನದವರೆಗೂ ತಿಳಿದಿರಲಿಲ್ಲ.

ಮಾನ್ಯತೆ ಪಡೆದ ಸೌರ ಇನ್ವರ್ಟರ್ ಗ್ರಿಡ್ ಹೋದ ಕ್ಷಣ ತಾನೂ ನಿಲ್ಲುವಂತೆ ರೂಪಿಸಿರುತ್ತಾರೆ, ಆದ್ದರಿಂದ ಅದರ ಭಯ ಕಡಿಮೆ. ಆದರೆ ಬ್ಯಾಟರಿ ಸೇರಿಸಿ, "ಕರೆಂಟ್ ಹೋದರೂ ಫ್ಯಾನ್ ತಿರುಗಬೇಕು" ಎಂದು ಯಜಮಾನ ಹೇಳಿದ್ದಕ್ಕೆ ಬೈಪಾಸ್ ತಂತಿ ಎಳೆದುಕೊಡುವವರು ಇದ್ದೇ ಇರುತ್ತಾರೆ. ಹೀಗಾಗಿ ಕಂಬದ ಮೇಲಿರುವವನು ಜಿಓಎಸ್ ಒಂದನ್ನೇ ನಂಬದೆ, ತಾನು ಕೆಲಸ ಮಾಡುವ ಜಾಗದ ಎರಡೂ ಬದಿ ಪರೀಕ್ಷಿಸಿ ಡಿಸ್ಚಾರ್ಜ್ ರಾಡ್ ಹಾಕಿ ಅರ್ಥ್ ಮಾಡಿಕೊಳ್ಳುವುದು ಹಿಂದೆಂದಿಗಿಂತ ಈಗ ಅಗತ್ಯವಾಗಿದೆ. ಫೋನಿನಲ್ಲೇ ಎಲ್‌ಸಿ ಕೇಳಿ ಫೋನಿನಲ್ಲೇ ಹಿಂದಿರುಗಿಸುವ ರೂಢಿಯೂ ನಿಲ್ಲಬೇಕಾಗಿದೆ.

ಕಾರ್ಮಿಕ ಸಂಹಿತೆಗಳ ಬಗ್ಗೆ ಒಂದೆರಡು ಮಾತು ಸಾಕು. 2025ರ ನವೆಂಬರ್ 21ರಂದು ನಾಲ್ಕೂ ಸಂಹಿತೆಗಳು ಜಾರಿಗೆ ಬಂದಿವೆ, ಕೆಲಸಕ್ಕೆ ತೆಗೆದುಕೊಂಡವರಿಗೆ ನೇಮಕಾತಿ ಪತ್ರ ಕೊಡಬೇಕೆಂಬುದು ಅವುಗಳಲ್ಲಿ ನಮ್ಮ ಹೊರಗುತ್ತಿಗೆಯ ಹುಡುಗರಿಗೆ ಹೆಚ್ಚು ಉಪಯೋಗಕ್ಕೆ ಬರುವ ಅಂಶ. ಅಪಘಾತವಾದ ದಿನ "ಇವನು ನಮ್ಮವನಲ್ಲ" ಎಂದು ಕೈತೊಳೆದುಕೊಳ್ಳುವುದಕ್ಕೆ ಆ ಒಂದು ಹಾಳೆ ಅಡ್ಡಿಯಾಗುತ್ತದೆ. ಮನೆ ವೈರಿಂಗ್ ಮಾಡುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡನ್ನು ನವೀಕರಿಸಿಕೊಳ್ಳಲಿ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಆಧಾರ ಬೇಕಾಗುತ್ತದೆ, ಹಾಗಾಗಿ ಸೈಟಿನ ಹೆಸರು, ತಾರೀಖು ಬರೆದಿಟ್ಟ ಡೈರಿಯೊಂದು ಜೇಬಿನಲ್ಲಿರಲಿ.

ಸಭೆ ಮುಗಿಯುವಾಗ ಒಂದು ನಿರ್ಧಾರವಾಯಿತು. ಸದಸ್ಯರು ಸೌರಫಲಕ, ಯುಪಿಎಸ್, ಜನರೇಟರ್ ಜೋಡಿಸಿದ ಪ್ರತಿ ಮನೆಯ ಆರ್‌ಆರ್ ನಂಬರನ್ನು (ವಿದ್ಯುತ್ ಸಂಪರ್ಕದ ಸಂಖ್ಯೆ) ಸಂಘದ ಪುಸ್ತಕದಲ್ಲಿ ಬರೆದು, ಅದರ ಒಂದು ಪ್ರತಿಯನ್ನು ತಿಂಗಳಿಗೊಮ್ಮೆ ಸೆಕ್ಷನ್ ಆಫೀಸಿಗೆ ಕೊಡಬೇಕು. ಮೊದಲ ತಿಂಗಳು ಹದಿನೇಳು ಮನೆಗಳು ದಾಖಲಾದವು. ಅದರಲ್ಲಿ ಮೂರು ಕಡೆ ಚೇಂಜ್‌ಓವರ್ ಇರಲಿಲ್ಲ. ಆ ಮೂರನ್ನೂ ಸರಿಪಡಿಸಿದವನು ಹಿಂದೆ ಅಂಗಡಿಯ ಪ್ಲಗ್ ಜೋಡಿಸಿಕೊಟ್ಟ ಅದೇ ಸದಸ್ಯ, ಕೂಲಿ ತೆಗೆದುಕೊಳ್ಳಲಿಲ್ಲ.