ಕೋಡಲ್ ಲೈಫ್: ರೈಲು ಬೋಗಿಗೆ ವಯಸ್ಸಾಗುವುದು ಯಾವಾಗ?

ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರ ಮನೆಗಳಲ್ಲಿ ‘ಕೋಡಲ್ ಲೈಫ್’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ‘ಆ ಬೋಗಿಯ ಕೋಡಲ್ ಲೈಫ್ ಮುಗಿಯಿತು, ಇನ್ನು ಕಂಡಮ್’ ಎಂದರೆ ಅಲ್ಲಿ ಯಾರಿಗೂ ವಿವರಣೆ ಬೇಕಿಲ್ಲ. ಮಂಡ್ಯ, ಮದ್ದೂರು, ಪಾಂಡವಪುರಗಳಿಂದ ದಿನವೂ ಬೆಂಗಳೂರಿಗೆ ಹೋಗಿಬರುವ ಪಾಸಿನ ಪ್ರಯಾಣಿಕರಿಗೆ ಮಾತ್ರ ಈ ಪದದ ಪರಿಚಯ ಕಡಿಮೆ. ತಾವು ಕೂತ ಬೋಗಿ ಎಷ್ಟು ಹಳೆಯದು, ಅದರ ಜಾಗಕ್ಕೆ ಹೊಸದು ಯಾವಾಗ ಬರುತ್ತದೆ ಎಂಬುದನ್ನು ನಿರ್ಧರಿಸುವ ಪದ ಇದೇ ಆದ್ದರಿಂದ ಅದನ್ನು ಸರಿಯಾಗಿ ತಿಳಿದಿರಬೇಕು.

ಎಂಜಿನ್, ಬೋಗಿ, ವ್ಯಾಗನ್, ಹಳಿ, ಸೇತುವೆ ಹೀಗೆ ರೈಲ್ವೆಯ ಪ್ರತಿ ಆಸ್ತಿಗೂ ಇಷ್ಟು ವರ್ಷದ ಬಾಳಿಕೆ ಎಂದು ಇಲಾಖೆಯ ನಿಯಮಾವಳಿ ಗೊತ್ತುಮಾಡಿದೆ. ಆ ನಿಗದಿತ ಆಯುಷ್ಯವೇ ಕೋಡಲ್ ಲೈಫ್. ಚೆನ್ನೈನ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ (ಐಸಿಎಫ್) ಎಂಬ ಕಾರ್ಖಾನೆಯಲ್ಲಿ 1955ರಿಂದ ತಯಾರಾಗುತ್ತಿದ್ದ ಐಸಿಎಫ್ ಮಾದರಿಯ ಬೋಗಿಗೆ 25 ವರ್ಷ. ಈಗ ಬರುತ್ತಿರುವ, ಜರ್ಮನ್ ವಿನ್ಯಾಸದ ಸ್ಟೇನ್‌ಲೆಸ್ ಸ್ಟೀಲಿನ ಎಲ್‌ಎಚ್‌ಬಿ ಬೋಗಿಗೆ 35 ವರ್ಷ. ನಮ್ಮ ಕಡೆ ಓಡುವ ಮೆಮು, ಅಂದರೆ ಹತ್ತಿರದ ಊರುಗಳ ನಡುವಿನ ವಿದ್ಯುತ್ ರೈಲಿನ ಬೋಗಿಗೆ 25.

25 ವರ್ಷ ತುಂಬಿದ ಮರುದಿನ ಬೋಗಿ ಮುರಿದು ಬೀಳುತ್ತದೆ ಎಂದಾಗಲಿ, ಅಲ್ಲಿಯವರೆಗೆ ಅದಕ್ಕೆ ಏನೂ ಆಗುವುದಿಲ್ಲ ಎಂದಾಗಲಿ ತಿಳಿಯಬಾರದು. ಕೋಡಲ್ ಲೈಫ್ ಅರ್ಧ ಎಂಜಿನಿಯರಿಂಗ್, ಅರ್ಧ ಲೆಕ್ಕಪತ್ರ. ಇಷ್ಟು ವರ್ಷಗಳ ನಂತರ ರಿಪೇರಿಯ ಖರ್ಚು ಮೈಮೇಲೆ ಬರುತ್ತದೆ ಎಂಬ ಅನುಭವದ ಅಂದಾಜು ಒಂದು ಕಡೆ. ಆ ಅವಧಿಯೊಳಗೆ ಹೊಸ ಬೋಗಿಯ ಹಣವನ್ನು ವರ್ಷವರ್ಷವೂ ತೆಗೆದಿಡಬೇಕು ಎಂಬ ಕಟ್ಟಳೆ ಇನ್ನೊಂದು ಕಡೆ. ಈ ಎರಡನೆಯ ಭಾಗವನ್ನೇ ನಾವು ಮರೆಯುತ್ತೇವೆ. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಅಲ್ಲಿಯೇ.

ಬೋಗಿಯ ವಯಸ್ಸನ್ನು ಯಾರನ್ನೂ ಕೇಳದೆ ತಿಳಿಯಬಹುದು. ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆಯ ಮೊದಲ ಎರಡು ಅಂಕಿಗಳು ತಯಾರಾದ ವರ್ಷವನ್ನು ಹೇಳುತ್ತವೆ. 07432 ಎಂದಿದ್ದರೆ ಅದು 2007ರ ಬೋಗಿ. ಉಳಿದ 432 ಅದು ಸಾಮಾನ್ಯ ದರ್ಜೆಯದು ಎಂದು ಸೂಚಿಸುತ್ತದೆ. ಐಸಿಎಫ್ ಮಾದರಿಯಾದರೆ ಅದರ ಗಡುವು 2032. ಎರಡು ಬೋಗಿಗಳು ಕೂಡುವ ತುದಿಯ ಗೋಡೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೂ ಎರಡು ದಿನಾಂಕಗಳಿರುತ್ತವೆ: ಕೊನೆಯ ಪಿಒಎಚ್, ಅಂದರೆ ಪೂರ್ಣ ಪ್ರಮಾಣದ ನಿಯತಕಾಲಿಕ ದುರಸ್ತಿ, ಯಾವಾಗ ಎಲ್ಲಿ ಆಯಿತು, ಮತ್ತೆ ಯಾವಾಗ ವರ್ಕ್‌ಶಾಪಿಗೆ ಮರಳಬೇಕು. ಮಂಡ್ಯ ನಿಲ್ದಾಣದಲ್ಲಿ ರೈಲು ನಿಂತ ಹೊತ್ತಿನಲ್ಲಿ ಪ್ಲಾಟ್‌ಫಾರಂ ಮೇಲೆ ನಾಲ್ಕು ಹೆಜ್ಜೆ ನಡೆದರೆ ಇಷ್ಟೂ ಓದಲು ಸಿಗುತ್ತದೆ. ಮಕ್ಕಳು ಜೊತೆಗಿದ್ದರೆ ತೋರಿಸಿ, ಅವರಿಗೆ ಇದು ಬಹಳ ಇಷ್ಟವಾಗುತ್ತದೆ.

ಐಸಿಎಫ್ ಬೋಗಿಯನ್ನು ತಿನ್ನುವುದು ಓಟಕ್ಕಿಂತ ಹೆಚ್ಚಾಗಿ ನೀರು. ಶೌಚಾಲಯದ ಕೆಳಗೆ, ಬಾಗಿಲ ಹೊಸ್ತಿಲ ಬಳಿ, ಕಿಟಕಿಯಿಂದ ಇಳಿದ ಮಳೆನೀರು ನಿಲ್ಲುವ ಕಡೆ ಉಕ್ಕು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ನೆಲದ ಹಾಸು ಎತ್ತಿದರೆ ತಗಡು ಜರಡಿಯಾಗಿರುತ್ತದೆ. ಅಶೋಕಪುರಂನಂಥ ವರ್ಕ್‌ಶಾಪಿಗೆ ಬಂದ ಬೋಗಿಯನ್ನು ಚಕ್ರಗಳಿಂದ ಮೇಲೆತ್ತುತ್ತಾರೆ, ಬೇಕಾದ ಕಡೆ ಸೀಟು ಮತ್ತು ನೆಲಹಾಸನ್ನು ಬಿಚ್ಚುತ್ತಾರೆ, ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುತ್ತಾರೆ, ಬ್ರೇಕು ಮತ್ತು ಸ್ಪ್ರಿಂಗುಗಳನ್ನು ಪರೀಕ್ಷಿಸುತ್ತಾರೆ. ಬೋಗಿಗೆ ವಯಸ್ಸಾದಷ್ಟೂ ಕತ್ತರಿಸುವ ಭಾಗ ಹೆಚ್ಚು. ಹದಿನೈದು ವರ್ಷ ದಾಟುವ ಮೊದಲು ನಡುವಯಸ್ಸಿನ ದೊಡ್ಡ ದುರಸ್ತಿಯೂ ಉಂಟು. ಅದಕ್ಕೆಂದೇ ಭೋಪಾಲದ ನಿಶಾತ್‌ಪುರದಲ್ಲಿ ಪ್ರತ್ಯೇಕ ಕಾರ್ಖಾನೆ ಇದೆ. ಗಡುವು ಮುಗಿದಾಗ ಬಹುತೇಕ ಬೋಗಿಗಳು ಗುಜರಿಗೆ ಹೋಗುತ್ತವೆ. ಇನ್ನು ಕೆಲವನ್ನು ಅದಕ್ಕೂ ಮೊದಲೇ ಪ್ರಯಾಣಿಕರ ಸೇವೆಯಿಂದ ತೆಗೆದು, ಕಿಟಕಿ ಬಾಗಿಲುಗಳನ್ನು ಮುಚ್ಚಿ, ಕಾರು ಸಾಗಿಸುವ ವ್ಯಾಗನ್ ಮಾಡುತ್ತಾರೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಂಥ ಕಡೆ ನೆಲೆ ಸಿಗುವುದು ಬೆರಳೆಣಿಕೆಯವಕ್ಕೆ.

ಇನ್ನು ಹಣದ ಮಾತು. ರೈಲ್ವೆಯ ಹಣಕಾಸನ್ನು ಸರ್ಕಾರದ ಸಾಮಾನ್ಯ ಹಣಕಾಸಿನಿಂದ ಬೇರ್ಪಡಿಸಿದ 1924ರಲ್ಲೇ ‘ಸವಕಳಿ ಮೀಸಲು ನಿಧಿ’ ಹುಟ್ಟಿತು. ವರ್ಷದ ಗಳಿಕೆಯಲ್ಲಿ ಒಂದು ಪಾಲನ್ನು ಆ ನಿಧಿಗೆ ಹಾಕಬೇಕು, ಕೋಡಲ್ ಲೈಫ್ ಮುಗಿದ ಆಸ್ತಿಯನ್ನು ಅದರಿಂದ ಬದಲಾಯಿಸಬೇಕು. ಕಟ್ಟಳೆಯೇನೋ ಚೆನ್ನಾಗಿದೆ. ಆದರೆ ಗಳಿಸಿದ ನೂರು ರೂಪಾಯಿಯಲ್ಲಿ 98 ರೂಪಾಯಿ ಆ ವರ್ಷದ ಸಂಬಳ, ಪಿಂಚಣಿ, ಇಂಧನಗಳಿಗೇ ಹೋದರೆ (2017-18ನೇ ಸಾಲಿಗೆ ಸಿಎಜಿ, ಅಂದರೆ ಮಹಾಲೇಖಪಾಲರು, ಕೊಟ್ಟ ಲೆಕ್ಕ ಅಂಥದ್ದೇ) ತೆಗೆದಿಡುವುದು ಏನನ್ನು? 2014-15ರಲ್ಲಿ ಈ ನಿಧಿಗೆ ಏಳು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಾಕಿದ್ದ ರೈಲ್ವೆ 2019-20ರಲ್ಲಿ ಹಾಕಿದ್ದು 400 ಕೋಟಿ. ಅದೇ ಹೊತ್ತಿಗೆ ನಿಧಿಯಿಂದ ಬದಲಾಗಬೇಕಿದ್ದ ಆಸ್ತಿಗಳ ಬಾಕಿ ಸುಮಾರು 95 ಸಾವಿರ ಕೋಟಿ ಎಂದು ಮಹಾಲೇಖಪಾಲರ ವರದಿ ಎಚ್ಚರಿಸಿತು.

ಹಾಗಾದರೆ ಹೊಸ ಬೋಗಿಗಳು ಬರಲೇ ಇಲ್ಲವೇ? ಬಂದವು, ಸಾವಿರಾರು ಬಂದವು. 2018ರ ಜನವರಿಯಲ್ಲಿ ಪೆರಂಬೂರಿನ ಕಾರ್ಖಾನೆ ಹಳೆಯ ಮಾದರಿಯ ತಯಾರಿಕೆಯನ್ನೇ ನಿಲ್ಲಿಸಿತು. ಹೊಸ ಬೋಗಿಗಳ ಹಣದ ದೊಡ್ಡ ಪಾಲು ರೈಲ್ವೆಯ ಉಳಿತಾಯದಿಂದ ಬಂದದ್ದಲ್ಲ, ಸಾಲದಿಂದ ಮತ್ತು ಕೇಂದ್ರ ಬಜೆಟ್ಟಿನಿಂದ ಬಂದದ್ದು. ಇದು ನಿಜವಾಗಿಯೂ ಒಳ್ಳೆಯ ಕೆಲಸ. ಆದರೂ ನೆನಪಿಡಬೇಕಾದ ವ್ಯತ್ಯಾಸವೊಂದಿದೆ: ನಿಧಿಯಲ್ಲಿ ಹಣವಿದ್ದರೆ ಬೋಗಿ ಬದಲಾಗುವುದು ಅದರ ವಯಸ್ಸಿನ ಲೆಕ್ಕದಲ್ಲಿ, ನಿಧಿ ಬರಿದಾಗಿದ್ದರೆ ಆಯಾ ವರ್ಷದ ಬಜೆಟ್ಟಿನ ಆದ್ಯತೆಯ ಮೇಲೆ. ಆದ್ಯತೆಯ ಸಾಲಿನಲ್ಲಿ ದೂರದ ಎಕ್ಸ್‌ಪ್ರೆಸ್ ಮೊದಲು ನಿಲ್ಲುತ್ತದೆ. ಅಲ್ಲಿಂದ ಇಳಿಸಿದ ಬೋಗಿ ಪ್ಯಾಸೆಂಜರ್ ರೈಲಿಗೆ ಬರುವುದು ಎಲ್ಲ ಕಡೆಯ ವಾಡಿಕೆ. ಪಾಸಿನ ಪ್ರಯಾಣಿಕ ದಿನವೂ ರೈಲು ಹತ್ತುತ್ತಾನೆ, ಆದರೆ ಆದಾಯದ ಲೆಕ್ಕದಲ್ಲಿ ಅವನು ಚಿಕ್ಕವನು. ಮೈಸೂರಿನಿಂದ ಬೆಂಗಳೂರಿಗೆ ಇರುವ ಸುಮಾರು 139 ಕಿಲೋಮೀಟರು ತಿಂಗಳ ಪಾಸಿನ 150 ಕಿಲೋಮೀಟರಿನ ಮಿತಿಯೊಳಗೇ ಇರುವುದು ನಮ್ಮ ಭಾಗ್ಯ. ಆ ಪಾಸಿನ ದರವನ್ನು 2025ರ ಜುಲೈನಲ್ಲಿ ಟಿಕೆಟ್ ದರ ಏರಿದಾಗಲೂ ಮುಟ್ಟಲಿಲ್ಲ. ದರ ಹಾಗೆಯೇ ಇರಲಿ ಎಂದು ನಾನೂ ಬಯಸುತ್ತೇನೆ. ಕೊರತೆಯನ್ನು ತುಂಬುವವರು ಯಾರು ಎಂಬುದನ್ನು ಮಾತ್ರ ಸರ್ಕಾರ ತಪ್ಪದೆ ಬಜೆಟ್ಟಿನಲ್ಲಿ ಬರೆದು ತೋರಿಸಬೇಕು.

ಬರೆದು ತೋರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯಾ ಕಣ್ಣೆದುರಿಗಿದೆ. ಆ ನಗರದ ಬಸ್ಸು, ಮೆಟ್ರೋ, ಉಪನಗರ ರೈಲುಗಳನ್ನು ನಡೆಸುವ ಸೆಪ್ಟಾ ಎಂಬ ಪ್ರಾದೇಶಿಕ ಸಂಸ್ಥೆ ವರ್ಷಗಳಿಂದ ಹಣದ ಕೊರತೆಯಲ್ಲಿದೆ. ಅದರ ಉಪನಗರ ರೈಲುಗಳ ಸುಮಾರು ಮೂರರಲ್ಲಿ ಎರಡು ಪಾಲು ಬೋಗಿಗಳು 1970ರ ದಶಕದ ನಡುವಿನಲ್ಲಿ ತಯಾರಾದ ‘ಸಿಲ್ವರ್‌ಲೈನರ್ 4’. ಐವತ್ತು ವರ್ಷದ ಬೋಗಿಗಳು! 2025ರ ಫೆಬ್ರುವರಿಯಲ್ಲಿ ಅಂಥ ಒಂದು ರೈಲಿಗೆ ಬೆಂಕಿ ಬಿತ್ತು. ಮುನ್ನೂರಕ್ಕೂ ಹೆಚ್ಚು ಜನ ಇಳಿದು ಪಾರಾದರು. ಅದೇ ವರ್ಷದ ಸೆಪ್ಟೆಂಬರಿನೊಳಗೆ ಇಂಥ ಐದು ಬೆಂಕಿ ಪ್ರಕರಣಗಳು ನಡೆದವು. ಅಕ್ಟೋಬರ್ 1ರಂದು ಅಲ್ಲಿನ ಕೇಂದ್ರ ರೈಲು ಆಡಳಿತ ತುರ್ತು ಆದೇಶ ಹೊರಡಿಸಿ, ಇನ್ನೂರಕ್ಕೂ ಹೆಚ್ಚಿರುವ ಆ ಬೋಗಿಗಳೆಲ್ಲವನ್ನೂ ತಪಾಸಣೆ ಮಾಡಿಸಿತು. ತಪಾಸಣೆಗೆ ಬೋಗಿಗಳು ನಿಂತಾಗ ಉಳಿದ ರೈಲುಗಳು ಕಿಕ್ಕಿರಿದವು, ಹಲವು ರದ್ದಾದವು.

ಆ ಸಂಸ್ಥೆ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಕೊರಿಯಾದ ಕಂಪನಿಯಿಂದ ತರಿಸಿದ 120 ಹೊಸ ಬೋಗಿಗಳು 2013ರ ಹೊತ್ತಿಗೆ ಬಂದಿದ್ದವು. 2016ರ ಜುಲೈನಲ್ಲಿ ಅವುಗಳ ಚಕ್ರದ ಚೌಕಟ್ಟಿನಲ್ಲಿ ಬಿರುಕು ಕಂಡು ಎಲ್ಲವನ್ನೂ ಒಮ್ಮೆಗೇ ಹಳಿಯಿಂದ ತೆಗೆಯಬೇಕಾಯಿತು. ಆಗ ಓಟ ನಡೆಸಿದ್ದು ಆ ಹಳೆಯ ಸಿಲ್ವರ್‌ಲೈನರ್‌ಗಳೇ. 2017ರಲ್ಲಿ ಚೀನಾದ ಕಂಪನಿಗೆ 45 ಎರಡಂತಸ್ತಿನ ಬೋಗಿಗಳ ಆರ್ಡರ್ ಕೊಟ್ಟು, ವರ್ಷಗಟ್ಟಲೆ ಕಾದು, 2024ರಲ್ಲಿ ಆ ಒಪ್ಪಂದವನ್ನೇ ರದ್ದು ಮಾಡಿದರು. 2025ರ ಸೆಪ್ಟೆಂಬರಿನಲ್ಲಂತೂ ನಿತ್ಯದ ಓಡಾಟದ ಖರ್ಚಿಗೇ ಹಣ ಸಾಲದೆ, ಹೊಸ ಬೋಗಿ ಮತ್ತು ದುರಸ್ತಿಯಂಥ ಕೆಲಸಗಳಿಗಿದ್ದ ಬಂಡವಾಳದ ಹಣದಿಂದ ಎರಡು ವರ್ಷಕ್ಕೆ 39 ಕೋಟಿ ಡಾಲರ್‌ವರೆಗೆ ಬಳಸಲು ರಾಜ್ಯ ಸರ್ಕಾರ ಅನುಮತಿ ಕೊಟ್ಟಿತು. ಬಿತ್ತನೆಗಿಟ್ಟ ಭತ್ತವನ್ನು ಊಟಕ್ಕೆ ಬಳಸುವ ಸ್ಥಿತಿ ಅದು. ಆ ತಿಂಗಳು ರೈಲು ಓಡಿತು, ಬದಲಿ ಬೋಗಿಯ ದಿನ ಇನ್ನಷ್ಟು ಮುಂದಕ್ಕೆ ಹೋಯಿತು.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1933ರಲ್ಲಿ ಶುರುವಾದ ಅಲ್ಲಿನ ಮೈಷುಗರ್ ಸಕ್ಕರೆ ಕಾರ್ಖಾನೆ ಹಳೆಯ ಯಂತ್ರ ಮತ್ತು ನಷ್ಟಗಳ ನಡುವೆ ಸಿಕ್ಕಿ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯುವವರೆಗೆ ಅವರು ಪಟ್ಟ ಪಾಡು ಅವರಿಗೆ ಗೊತ್ತಿದೆ.

ಸರ್ಕಾರಿ ಬಸ್ಸಿಗೆ ಕಾನೂನಿನ ಗಡುವು ಉಂಟು: 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನದ ನೋಂದಣಿ ನವೀಕರಣವಾಗುವುದಿಲ್ಲ. ರೈಲು ಬೋಗಿಗೆ ಹೊರಗಿನ ಅಂಥ ಕಡಿವಾಣವಿಲ್ಲ. ಕೋಡಲ್ ಲೈಫ್ ರೈಲ್ವೆ ತನಗೆ ತಾನೇ ಹಾಕಿಕೊಂಡ ಗಡುವು. ಆದ್ದರಿಂದ ಅದರ ಮೇಲೆ ಕಣ್ಣಿಡುವುದು ಪ್ರಯಾಣಿಕರ ಸಂಘಗಳ ಕೆಲಸವೂ ಹೌದು. ಹೊಸ ರೈಲು ಬೇಕು, ನಿಲುಗಡೆ ಬೇಕು ಎಂದು ಮನವಿ ಕೊಡುವಾಗ ಇನ್ನೆರಡು ಪ್ರಶ್ನೆ ಸೇರಿಸಬಹುದು: ನಮ್ಮ ಮಾರ್ಗದ ಬೋಗಿಗಳ ಕೋಡಲ್ ಲೈಫ್ ಯಾವ ವರ್ಷ ಮುಗಿಯುತ್ತದೆ, ಬದಲಿ ಬೋಗಿಯ ಹಣ ಯಾವ ಬಾಬ್ತಿನಲ್ಲಿದೆ? ಟೆಂಡರ್, ವಿನ್ಯಾಸ, ತಯಾರಿಕೆ, ಪರೀಕ್ಷಾರ್ಥ ಓಟ ಎಲ್ಲ ಮುಗಿಯಲು ವರ್ಷಗಳೇ ಹಿಡಿಯುತ್ತವೆ. 2018ರಲ್ಲಿ ತಯಾರಾದ ಮೆಮು ಇಂದು ನಮ್ಮ ಕಣ್ಣಿಗೆ ಹೊಸದೇ. ಅದರ ಗಡುವು 2043. ಬದಲಿಯ ಆರ್ಡರ್ 2030ರ ದಶಕದ ಕೊನೆಯಲ್ಲಿ ಹೋಗಬೇಕು, ಅದಕ್ಕೆ ಹಣ ತೆಗೆದಿಡುವ ಕೆಲಸ ಈ ವರ್ಷವೂ ನಡೆಯಬೇಕು.