ಸಿಕ್ಕ ಆಮೆಯನ್ನು ಬಕೆಟ್ ನೀರಿಗೆ ಬಿಡಬೇಡಿ

ನಾಲ್ಕು ಮಳೆ ಬಿದ್ದರೆ ಸಾಕು, ವನ್ಯಜೀವಿ ವೈದ್ಯರಿಗೆ ಒಂದೇ ಬಗೆಯ ಫೋನ್‌ಗಳು ಶುರುವಾಗುತ್ತವೆ. ‘ಡಾಕ್ಟ್ರೇ, ಗೇಟ್ ಹತ್ರ ಒಂದು ಆಮೆ ಸಿಕ್ಕಿದೆ. ಪಾಪ, ಒಣಗಿ ಹೋಗಿತ್ತು, ಬಕೆಟ್ ತುಂಬ ನೀರು ಹಾಕಿ ಬಿಟ್ಟಿದ್ದೀವಿ.’ ಕೊನೆಯ ಮಾತು ಕಿವಿಗೆ ಬಿದ್ದ ಕೂಡಲೇ ಉಳಿದ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಹೇಳುವುದು ಒಂದೇ: ಮೊದಲು ಅದನ್ನು ಹೊರಗೆ ತೆಗೀರಿ, ಆಮೇಲೆ ಮಾತಾಡೋಣ.

ಕರೆ ಮಾಡಿದವರದು ಒಳ್ಳೆಯ ಮನಸ್ಸೇ. ಆದರೆ ಆಮೆ ಅಂದರೆ ನೀರು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಕಣ್ಣೆದುರು ಒದ್ದಾಡುತ್ತಿದ್ದರೂ ‘ಖುಷಿಯಾಗಿ ಆಡ್ತಿದೆ’ ಅನ್ನುತ್ತಾರೆ. ಬೆಂಗಳೂರು ಸುತ್ತಮುತ್ತ ಹೀಗೆ ಸಿಗುವ ಆಮೆಗಳಲ್ಲಿ ನಕ್ಷತ್ರ ಆಮೆಯೂ ಒಂದು. ಕೋಲಾರ, ಚಿಕ್ಕಬಳ್ಳಾಪುರದಂಥ ಒಣ ಸೀಮೆಯ ಕುರುಚಲು ಕಾಡು ಅದರ ಊರು. ಹುಲ್ಲು ಮೇಯುತ್ತದೆ, ಪೊದೆಯಡಿ ಮಲಗುತ್ತದೆ, ಮಳೆಗೆ ನಿಂತ ನೀರು ಕುಡಿಯುತ್ತದೆ. ಈಜು ಬರುವುದಿಲ್ಲ. ಚಿಪ್ಪು ಎತ್ತರ ಮತ್ತು ಭಾರ, ಬೆರಳುಗಳ ನಡುವೆ ಪೊರೆ ಇಲ್ಲ. ಆಳದ ನೀರಿನಲ್ಲಿ ಸ್ವಲ್ಪ ಹೊತ್ತು ಕಾಲು ಬಡಿದು ತಲೆ ಮೇಲಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಬಕೆಟಿನ ನುಣುಪು ಗೋಡೆಗೆ ಉಗುರು ನಾಟುವುದಿಲ್ಲ, ಹತ್ತಿ ಬರಲಾಗುವುದಿಲ್ಲ. ದಣಿದ ಮೇಲೆ ಮುಳುಗುತ್ತದೆ, ಅದೂ ಸದ್ದಿಲ್ಲದೆ.

ಮುಳುಗದೆ ಉಳಿದರೂ ಅಪಾಯ ತಪ್ಪಿತು ಅನ್ನುವಂತಿಲ್ಲ. ಆಮೆಯ ಪಕ್ಕೆಲುಬುಗಳು ಚಿಪ್ಪಿಗೇ ಬೆಸೆದುಕೊಂಡಿರುವುದರಿಂದ ನಮ್ಮ ಹಾಗೆ ಎದೆ ಉಬ್ಬಿಸಿ ಉಸಿರೆಳೆಯಲು ಅದಕ್ಕೆ ಆಗದು. ಕಾಲುಗಳ ಬುಡದ ಮತ್ತು ಹೊಟ್ಟೆಯ ಸ್ನಾಯುಗಳೇ ಶ್ವಾಸಕೋಶವನ್ನು ಹಿಗ್ಗಿಸಿ ಕುಗ್ಗಿಸಬೇಕು. ನಮಗಿರುವಂಥ ವಪೆ ಇಲ್ಲ, ಹಾಗಾಗಿ ಒಳಗೆ ಹೋದ ನೀರನ್ನು ಜೋರಾಗಿ ಕೆಮ್ಮಿ ಹೊರಹಾಕುವ ಶಕ್ತಿಯೂ ಇಲ್ಲ. ಆ ನೀರು ಅಲ್ಲೇ ಉಳಿದು ಕೆಲವು ದಿನಗಳಲ್ಲಿ ನ್ಯುಮೋನಿಯಾಗೆ ತಿರುಗಬಹುದು. ಮೂಗಿನ ಹೊಳ್ಳೆಯಲ್ಲಿ ಗುಳ್ಳೆ, ಕತ್ತು ಮುಂದಕ್ಕೆ ಚಾಚಿ ಬಾಯಿ ತೆರೆದು ಉಸಿರಾಟ, ಉಸಿರಿನ ಜತೆ ಸಿಳ್ಳೆಯಂಥ ಸದ್ದು: ಇವು ಕಾಣುವ ಹೊತ್ತಿಗೆ ಚಿಕಿತ್ಸೆ ತಡವಾಗಿರುತ್ತದೆ. ಆದ್ದರಿಂದ ಆಮೆ ನೀರಿನಲ್ಲಿತ್ತು ಅನ್ನುವುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಯಾರೂ ಬೈಯುವುದಿಲ್ಲ; ಬೈದರೂ ಹೇಳಿ.

ಮುಳುಗಿ ನಿಶ್ಚಲವಾಗಿದ್ದರೆ ತಲೆ ಕೆಳಗಿರುವಂತೆ ಹಿಡಿದು, ಕತ್ತನ್ನು ಮೆಲ್ಲಗೆ ಮುಂದಕ್ಕೆಳೆದು ನೀರು ಸುರಿದುಹೋಗಲು ಬಿಡಿ. ಬಳಿಕ ನೆಲದ ಮೇಲಿಟ್ಟು ಮುಂಗಾಲುಗಳನ್ನು ಒಳಕ್ಕೆ ಒತ್ತುವುದು, ಹೊರಕ್ಕೆ ಎಳೆಯುವುದು, ಇಷ್ಟನ್ನು ನಿಧಾನವಾಗಿ ಮಾಡುತ್ತಾ ಆಸ್ಪತ್ರೆ ದಾರಿ ಹಿಡಿಯಿರಿ. ಸತ್ತಂತೆ ಕಾಣುವ ಆಮೆಯ ಎದೆಬಡಿತ ಇನ್ನೂ ನಡೆದಿರಬಹುದು. ಹೂಳುವ ಆತುರ ಬೇಡ.

ಹಾಗಿದ್ದರೆ ಯಾವುದು ನೆಲದ್ದು, ಯಾವುದು ನೀರಿನದು? ಕಾಲು ನೋಡಿ. ಹಿಂಗಾಲು ಆನೆಯ ಕಾಲಿನಂತೆ ದುಂಡಗೆ, ಮೋಟಾಗಿದ್ದರೆ ಅದು ನೆಲದ ಆಮೆ. ನಕ್ಷತ್ರ ಆಮೆಯಲ್ಲಿ ಕಪ್ಪು ಚಿಪ್ಪಿನ ಒಂದೊಂದು ಉಬ್ಬಿನಿಂದಲೂ ಹಳದಿ ಗೆರೆಗಳು ಸುತ್ತ ಹರಡಿರುತ್ತವೆ. ಚಪ್ಪಟೆ ದೇಹ, ಮೆತ್ತನೆಯ ಅಂಚು, ಕೊಳವೆಯಂಥ ಮೂಗು, ಬೆರಳುಗಳ ನಡುವೆ ಅಗಲ ಪೊರೆ ಇದ್ದರೆ ಕೆರೆಯ ಮೆದುಚಿಪ್ಪಿನ ಆಮೆ. ಅದರ ಕತ್ತು ಉದ್ದ, ಕಡಿತ ಜೋರು. ಎತ್ತಬೇಕಾದರೆ ಚಿಪ್ಪಿನ ಹಿಂಭಾಗದ ಎರಡೂ ಬದಿ ಹಿಡಿಯಿರಿ. ಕಂದುಗಪ್ಪು ಬೆನ್ನಿನ ಮೇಲೆ ಉದ್ದಕ್ಕೆ ಮೂರು ಏಣುಗಳಿದ್ದರೆ ಅದೂ ನೀರಿನದೇ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇದ್ದರೆ ಅಕ್ವೇರಿಯಂ ಅಂಗಡಿಯಿಂದ ಬಂದ ವಿದೇಶಿ ಆಮೆ, ಅದನ್ನಂತೂ ಯಾವ ಕೆರೆಗೂ ಕಲ್ಯಾಣಿಗೂ ಬಿಡಕೂಡದು.

ಗುರುತು ಹತ್ತಲಿಲ್ಲವೇ? ಒಣಗಿಸಿಯೇ ಇಡಿ. ನೀರಾಮೆಯನ್ನು ಒಂದು ರಾತ್ರಿ ಒದ್ದೆ ಬಟ್ಟೆ ಹೊದಿಸಿ ಡಬ್ಬದಲ್ಲಿಟ್ಟರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನೆಲದ ಆಮೆಯನ್ನು ಒಂದು ರಾತ್ರಿ ಬಕೆಟಿನಲ್ಲಿಟ್ಟರೆ ಬೆಳಿಗ್ಗೆ ಹೆಣ ಎತ್ತಬೇಕಾಗಬಹುದು. ಅನುಮಾನ ಇರುವಾಗ ಯಾವ ಕಡೆ ತಪ್ಪಬೇಕು ಅನ್ನುವುದು ಇದರಲ್ಲೇ ತೀರ್ಮಾನವಾಯಿತು.

ಎತ್ತಿಕೊಳ್ಳುವ ಮುಂಚೆ ಇನ್ನೊಂದು ವಿಷಯ. ಹೊಲದ ಬದುವಿನಲ್ಲೋ ಕುರುಚಲು ಕಾಡಿನ ಪಕ್ಕದ ರಸ್ತೆಯಲ್ಲೋ ನಡೆಯುತ್ತಿರುವ ಆಮೆ ಕಳೆದುಹೋದದ್ದಲ್ಲ, ತನ್ನ ಕೆಲಸಕ್ಕೆ ಹೊರಟದ್ದು. ಮಳೆಗಾಲದಲ್ಲಿ ಅವುಗಳ ಓಡಾಟ ಹೆಚ್ಚು. ಯಾವ ಕಡೆಗೆ ಮುಖ ಮಾಡಿತ್ತೋ ಅದೇ ಕಡೆಗೆ ರಸ್ತೆ ದಾಟಿಸಿ ಬಿಟ್ಟುಬಿಡಿ. ಎತ್ತಿದಾಗ ಬಹಳಷ್ಟು ಆಮೆಗಳು ಗಾಬರಿಗೆ ಉಚ್ಚೆ ಹೊಯ್ಯುತ್ತವೆ. ನಿಮಗೆ ಅದು ಗಲೀಜು, ಬೇಸಿಗೆಯ ಆಮೆಗೆ ಅದು ಕೂಡಿಟ್ಟ ನೀರು. ಒಣ ಸೀಮೆಯ ಆಮೆ ಮೂತ್ರಕೋಶದ ನೀರನ್ನೇ ನೆಚ್ಚಿಕೊಂಡು ದಿನ ದೂಡುತ್ತದೆ. ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಎತ್ತಿ ಸೆಲ್ಫಿ ತೆಗೆದುಕೊಳ್ಳುವುದು ಈ ಕಾರಣಕ್ಕೂ ಬೇಡ.

ಪೇಟೆಯ ನಡುವೆ ಸಿಕ್ಕಿದರೆ, ಚಿಪ್ಪಿಗೆ ಬಣ್ಣ ಬಳಿದಿದ್ದರೆ, ತೂತು ಕೊರೆದಿದ್ದರೆ, ಗಾಯ ಇದ್ದರೆ ಎತ್ತಿಕೊಳ್ಳಲೇಬೇಕು. ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ, ಕರೆ ಸ್ವೀಕರಿಸಿದವರ ಹೆಸರು, ಸಮಯ ಬರೆದಿಟ್ಟುಕೊಳ್ಳಿ. ನಕ್ಷತ್ರ ಆಮೆ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪರಿಚ್ಛೇದ 1ರಲ್ಲಿದೆ. 2022ರ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಯಾದ ಮೇಲೆ ಹುಲಿ, ಆನೆಗಳ ಜತೆಗೇ ಅದರ ಹೆಸರು. ಅದೃಷ್ಟಕ್ಕೆಂದು ಮನೆಯಲ್ಲಿಟ್ಟುಕೊಂಡರೆ 3ರಿಂದ 7 ವರ್ಷ ಜೈಲು, ಜತೆಗೆ ದಂಡ. ಸಿಕ್ಕದ್ದನ್ನು ತಿಳಿಸಿ ಒಪ್ಪಿಸುವವರು ಹೆದರಬೇಕಾಗಿಲ್ಲ. ‘ಮಕ್ಕಳಿಗೆ ಇಷ್ಟವಾಗಿದೆ, ಭಾನುವಾರ ಕೊಡ್ತೀವಿ’ ಅನ್ನುವವರು ಸ್ವಲ್ಪ ಯೋಚಿಸಬೇಕು.

ಸಿಬ್ಬಂದಿ ಬರುವವರೆಗೆ, ಹೆಚ್ಚೆಂದರೆ ಒಂದೆರಡು ದಿನಕ್ಕೆ, ಬೇಕಾದದ್ದು ಬಹಳ ಕಡಿಮೆ. ಅಂಗೈಗಿಂತ ತುಸು ದೊಡ್ಡ ಆಮೆಗೆ ಮೂರಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ರಟ್ಟಿನ ಪೆಟ್ಟಿಗೆ ಸಾಕು. ಗಾಜಿನ ತೊಟ್ಟಿ ಬೇಡ; ಆಚೆ ಕಾಣುವ ಗೋಡೆಯನ್ನು ಆಮೆ ದಿನವಿಡೀ ತಳ್ಳಿ ಮೂಗು ಕೆರೆದುಕೊಳ್ಳುತ್ತದೆ. ಕೆಳಗೆ ನಾಲ್ಕೈದು ಪದರ ನ್ಯೂಸ್‌ಪೇಪರ್, ಒಂದು ಮೂಲೆಯಲ್ಲಿ ಅಡಗಲು ಮಗುಚಿಟ್ಟ ಚಿಕ್ಕ ಡಬ್ಬ. ಮರಳು ಹಾಕಿದರೆ ಆಹಾರದ ಜತೆ ಹೊಟ್ಟೆಗೆ ಹೋಗುತ್ತದೆ, ಮರದ ಹೊಟ್ಟು ಕಣ್ಣಿಗೆ ಸೇರುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಟೈಲ್ಸ್ ನೆಲ ತೀರಾ ತಣ್ಣಗಾಗುವುದರಿಂದ ಪೆಟ್ಟಿಗೆಯ ಕೆಳಗೆ ಮಡಚಿದ ಕಂಬಳಿ ಇಡಿ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ಬದಿಗೆ ಮಾತ್ರ ಇಟ್ಟರೆ, ಬೇಕೆನಿಸಿದಾಗ ಆಮೆ ಹತ್ತಿರ ಬರುತ್ತದೆ, ಸಾಕೆನಿಸಿದರೆ ದೂರ ಹೋಗುತ್ತದೆ. ಎಲ್‌ಇಡಿ ಬಲ್ಬ್ ಉರಿಸಿ ಕಾವು ಕೊಟ್ಟೆವು ಅನ್ನುವವರಿದ್ದಾರೆ. ಅದರಿಂದ ಕಾವು ಬರುವುದಿಲ್ಲ. ಬೆಳಗಿನ ಎಳೆಬಿಸಿಲಿಗೆ ಹದಿನೈದು ನಿಮಿಷ ಬಿಡಬಹುದು, ಅರ್ಧ ಜಾಗ ನೆರಳಿರಬೇಕು, ಪಕ್ಕದಲ್ಲಿ ಒಬ್ಬರಿರಬೇಕು. ನಿಲ್ಲಿಸಿದ ಕಾರಿನೊಳಗೆ, ಬಿಸಿಲು ಬೀಳುವ ಮುಚ್ಚಿದ ಡಬ್ಬದೊಳಗೆ ಇಟ್ಟರೆ ಬೇಗನೆ ಬೆಂದುಹೋಗುತ್ತದೆ.

ನೀರು ಬೇಡವೆಂದು ಇಷ್ಟು ಹೇಳಿದ ಮೇಲೆ ಕುಡಿಸುವುದು ಹೇಗೆಂದೂ ಹೇಳಬೇಕು. ಅಂಚಿರುವ ಸ್ಟೀಲ್ ಊಟದ ತಟ್ಟೆ ತೆಗೆದುಕೊಳ್ಳಿ. ಉಗುರುಬೆಚ್ಚಗೂ ಅಲ್ಲ, ತಣ್ಣಗೂ ಅಲ್ಲ, ಕೈಗೆ ಏನೂ ಅನ್ನಿಸದಂಥ ನೀರು. ಅಂಗೈಯಗಲದ ಆಮೆಗೆ ಆಳ ಒಂದು ಸೆಂಟಿಮೀಟರ್, ದೊಡ್ಡದಕ್ಕೆ ಎರಡು. ಅಳತೆಪಟ್ಟಿ ಇಲ್ಲದಿದ್ದರೆ ಹೀಗೆ ನೋಡಿ: ಆಮೆ ತಲೆಯನ್ನು ಸಹಜವಾಗಿ ಇಟ್ಟುಕೊಂಡಾಗ ಗದ್ದ ನೀರಿನ ಮೇಲಿರಬೇಕು. ಹದಿನೈದು ನಿಮಿಷ ಬಿಡಿ, ಎದ್ದು ಹೋಗಬೇಡಿ. ಮೂತಿ ಅದ್ದಿ ಗಂಟಲು ಮಿಡಿಸುತ್ತಾ ಕುಡಿಯುತ್ತದೆ, ಅಲ್ಲೇ ಹಿಕ್ಕೆ ಹಾಕಿ ಬಿಳಿ ಗಂಜಿಯಂಥದ್ದನ್ನೂ ಬಿಡಬಹುದು. ಆ ಬಿಳಿಯದು ಮೆತ್ತಗಿದ್ದರೆ ಸರಿ. ಬೆರಳಿಗೆ ಮರಳಿನಂತೆ ತರಿತರಿಯಾಗಿ ಸಿಕ್ಕರೆ ದೇಹದಲ್ಲಿ ನೀರು ತೀರಾ ಕಡಿಮೆಯಾಗಿದೆ ಎಂದರ್ಥ, ಅದನ್ನೂ ವೈದ್ಯರಿಗೆ ಹೇಳಿ. ಒರೆಸಿ ಪೆಟ್ಟಿಗೆಗೆ ಬಿಡಿ. ತಟ್ಟೆ ಮತ್ತೆ ಅಡುಗೆಮನೆಗೆ ಹೋಗದಿರಲಿ. ಆಮೆಗಳಿಂದ ಸಾಲ್ಮೊನೆಲ್ಲಾ ಹರಡುತ್ತದೆ, ಸೋಪು ಹಾಕಿ ಕೈ ತೊಳೆಯಿರಿ, ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಲೇಬೇಡಿ.

ಊಟದ ಚಿಂತೆ ಎಲ್ಲರಿಗೂ ಹೆಚ್ಚು, ಆಮೆಗೆ ಕಡಿಮೆ. ಎರಡು ದಿನ ಏನೂ ತಿನ್ನದಿದ್ದರೆ ತೊಂದರೆ ಇಲ್ಲ. ಕೊಡಲೇಬೇಕೆಂದರೆ ಔಷಧಿ ಹೊಡೆಯದ ಜಾಗದ ಗರಿಕೆ, ದಾಸವಾಳದ ಎಲೆ, ಹೂವು, ಒಂದು ಹಿಡಿ ನುಗ್ಗೆಸೊಪ್ಪು. ಹಾಲು, ಬ್ರೆಡ್, ಅನ್ನ, ನಾಯಿ ಬೆಕ್ಕಿನ ತಿಂಡಿ ಯಾವುದೂ ಬೇಡ, ಬಾಳೆಹಣ್ಣೂ ಬೇಡ.

ಚಿಪ್ಪು ಒಡೆದಿದ್ದರೆ ಫೆವಿಕ್ವಿಕ್, ಎಂ-ಸೀಲ್ ಹಚ್ಚಬಾರದು, ಕೊಳೆ ಒಳಗೇ ಮುಚ್ಚಿಹೋಗುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಬೆರೆಸಿ ತೊಳೆದು, ಮೇಲೆ ಗಾಜ್ ಬಟ್ಟೆ ಹೊದಿಸಿ, ಪೆಟ್ಟಿಗೆಗೆ ಸೊಳ್ಳೆಪರದೆಯ ತುಂಡು ಕಟ್ಟಿ. ನೊಣ ಕೂತರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಮತ್ತೆ, ಇದನ್ನು ದಯವಿಟ್ಟು ನೆನಪಿಡಿ: ದನ, ನಾಯಿಗಳಿಗೆ ಉಣ್ಣೆ, ಜಂತುಹುಳಕ್ಕೆ ಧಾರಾಳವಾಗಿ ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ. ಹತ್ತಿರದ ಪಶು ಆಸ್ಪತ್ರೆಗೆ ಒಯ್ದರೆ ಸಂಕೋಚವಿಲ್ಲದೆ, ‘ಸರ್, ಇದು ಆಮೆ, ಐವರ್‌ಮೆಕ್ಟಿನ್ ಬೇಡ’ ಅನ್ನಿ.

‘ಕಾಡಿಗೆ ನಾವೇ ಬಿಟ್ಟು ಬರ್ತೀವಿ’ ಅನ್ನುವವರೂ ಇದ್ದಾರೆ. ಸಾಕಿದವರ ಮನೆಯಲ್ಲಿ, ಕಳ್ಳಸಾಗಣೆಯ ಚೀಲದಲ್ಲಿ ಬೇರೆ ಆಮೆಗಳ ಜತೆ ಇದ್ದದ್ದು ರೋಗ ಹೊತ್ತಿರಬಹುದು. ತಮಿಳುನಾಡಿನದೋ ಗುಜರಾತಿನದೋ ಆಗಿದ್ದು ಇಲ್ಲಿನ ತಳಿಯ ಜತೆ ಕಲೆತುಹೋಗಬಹುದು. 2018ರಲ್ಲಿ ಸಿಂಗಪುರದಲ್ಲಿ ವಶವಾದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದಾಗಲೂ ನೇರವಾಗಿ ಕಾಡಿಗೆ ಬಿಡದೆ ಮೊದಲು ಪ್ರತ್ಯೇಕವಾಗಿ ನಿಗಾದಲ್ಲಿಡಲಾಯಿತು. ನಿಮ್ಮಿಂದ ಬೇಕಿರುವುದು ಒಂದು ಚೀಟಿ: ಸಿಕ್ಕ ಜಾಗದ ಮೊಬೈಲ್ ಲೊಕೇಶನ್, ದಿನ, ಹೊತ್ತು, ನೀರಿನಲ್ಲಿ ಇಟ್ಟಿದ್ದರೆ ಎಷ್ಟು ಹೊತ್ತು, ಏನು ತಿನ್ನಿಸಿದಿರಿ. ಆ ಲೊಕೇಶನ್ ವಾಟ್ಸ್ಯಾಪ್ ಗುಂಪುಗಳಿಗೆ ಹೋಗದಿರಲಿ, ಹಿಡಿದು ಮಾರುವವರೂ ಆ ಗುಂಪುಗಳಲ್ಲಿರುತ್ತಾರೆ. ಚೀಟಿಯನ್ನು ಪೆಟ್ಟಿಗೆಯ ಹೊರಮೈಗೆ ಅಂಟಿಸಿ. ಒಳಗಿಟ್ಟರೆ ಆಮೆ ತಿಂದುಬಿಡುತ್ತದೆ.